ಹೊರ ಡ್ರೈವಿನ ನಕಲು ಕೆಡುವುದಕ್ಕೆ ಕಾರಣಗಳೂ ಪರಿಹಾರಗಳೂ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಗ್ರಾಮ ಮುಖಂಡರ ಮತ್ತು ಭೂಮಾಲೀಕರ ಉಪಯೋಗಕ್ಕಾಗಿ)

ಪೀಠಿಕೆ

ಬಿತ್ತನೆಯ ಬೀಜವನ್ನು ಮನೆಖರ್ಚಿನ ಕಾಳಿನೊಡನೆ ಒಂದೇ ಕಡೆ ಇಡಬಾರದೆಂಬುದು ಬೇಸಾಯಗಾರರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಹಿಂದಿನ ಕಾಲದಲ್ಲಿ ಬಯಲುಸೀಮೆಯವರು ಜೋಳ ರಾಗಿಗಳನ್ನು ನೆಲದೊಳಗಣ ಹಗೇವುಗಳಲ್ಲಿ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣೆಳೆದು ಬರಗಾಲಕ್ಕೆಂದು ಕಾದಿಡುತ್ತಿದ್ದರು. ಆದರೆ ಬಾಯಿ ಭದ್ರವಾಗಿ ಮುಚ್ಚಿದ್ದ ಮಾತ್ರಕ್ಕೆ ಒಳಗಿನ ಕಾಳೂ ಭದ್ರವಾಗಿದೆಯೆಂದು ನಂಬುವಂತಿರಲಿಲ್ಲ. ಪಕ್ಕದಿಂದ ತೇವವಿಳಿದು ಕಾಳು ಮುಗ್ಗಿದ್ದರೆ ಅದು ತಿಳಿಯುತ್ತಿದ್ದುದು ಹಗೇವನ್ನು ತೆಗೆದ ದಿನವೇ. ಆ ದಿನವಾದರೋ ಮನೆಯಲ್ಲಿ ಬೇರೆ ಕಾಳಿಲ್ಲದ ದಿನವಾಗಿರುತ್ತಿತ್ತು.

ಈಗ ಲೆಕ್ಕಪತ್ರಗಳ ವಿಷಯದಲ್ಲಿಯೂ ಇದೇ ಸ್ಥಿತಿಯು ಒದಗಿರುವುದು. ತೋಟದ ಜಮಾಖರ್ಚು, ಆಳುಗಳ ಹಾಜರಿ, ಖೇಣಿಯ ಕರಾರು, ಸಹಕಾರ ಸಂಘದ ಸಾಲದ ಖಾತೆ, ಇವೆಲ್ಲ ಕಂಪ್ಯೂಟರಿನಲ್ಲಿ ಸೇರಿವೆ. ಕಂಪ್ಯೂಟರು ಕೆಟ್ಟರೆ ಇರಲಿ ಎಂದು ಅನೇಕರು ಒಂದು ಹೊರ ಡ್ರೈವನ್ನು, ಎಂದರೆ ತಂತಿಯಿಂದ ಜೋಡಿಸುವ ಪ್ರತ್ಯೇಕ ಹಾರ್ಡ್‌ಡಿಸ್ಕನ್ನು ಕೊಂಡು, ಅದಕ್ಕೆ ಲೆಕ್ಕವನ್ನು ನಕಲು ಮಾಡಿಡುವ ಏರ್ಪಾಡನ್ನೂ ಮಾಡಿಕೊಂಡಿದ್ದಾರೆ. ಇದನ್ನೇ ಬ್ಯಾಕಪ್ ಎನ್ನುವರು. ಏರ್ಪಾಡು ಮಾಡಿದ ಮೇಲೆ ಅದು ನಡೆಯುತ್ತಿದೆಯೇ ಇಲ್ಲವೇ ಎಂದು ನೋಡುವವರು ಮಾತ್ರ ಕಡಮೆ. ಈ ಲೇಖನದಲ್ಲಿ ನಕಲು ಏಕೆ ಕೆಡುವುದು, ಕೆಟ್ಟುದನ್ನು ಹೇಗೆ ಕಂಡುಹಿಡಿಯಬಹುದು, ಸರಿಪಡಿಸುವ ಕ್ರಮವೇನು ಎಂಬ ಮೂರು ಸಂಗತಿಗಳನ್ನು ವಿವರಿಸಲಾಗಿದೆ.

ನಷ್ಟದ ಸ್ವರೂಪ

ಚನ್ನಗಿರಿ ಸೀಮೆಯ ಅಡಿಕೆ ಬೆಳೆಗಾರರೊಬ್ಬರ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಮೂರು ವರ್ಷಗಳ ಕಾಲ ತೋಟವನ್ನು ಖೇಣಿಗೆ ಕೊಟ್ಟಿದ್ದಾರೆ. ಪ್ರತಿ ಕೊಯ್ಲಿನ ಹಸಿ ಅಡಿಕೆಯ ತೂಕ, ಮುಂಗಡ ಪಡೆದ ಹಣ, ಬರಬೇಕಾದ ಬಾಕಿ ಎಲ್ಲವೂ ಕಂಪ್ಯೂಟರಿನಲ್ಲಿ ಇದೆ. ಮುಂಗಾರಿಗೆ ಮುಂಚಿನ ಒಂದು ಸಿಡಿಲು ಮಳೆಯಲ್ಲಿ ಕಂಪ್ಯೂಟರು ಸುಟ್ಟುಹೋಗುವುದು. ಬೆಳೆಗಾರರು ಗಾಬರಿಪಡದೆ ಬೀರುವಿನಿಂದ ಹೊರ ಡ್ರೈವನ್ನು ತೆಗೆದು ಬೇರೊಂದು ಕಂಪ್ಯೂಟರಿಗೆ ಜೋಡಿಸುವರು. ಅದರಲ್ಲಿ ನಕಲೇನೋ ಇದೆ. ಆದರೆ ಕೊನೆಯ ನಕಲಿನ ತಾರೀಖು ಹದಿನಾಲ್ಕು ತಿಂಗಳ ಹಿಂದಿನದು. ಆಚೆಗಿನ ಎರಡು ಕೊಯ್ಲುಗಳ ಲೆಕ್ಕಕ್ಕೆ ಇನ್ನು ಖೇಣಿದಾರರ ಬಾಯಿಮಾತೇ ಆಧಾರ. ಇಲ್ಲಿ ಡ್ರೈವು ಕೆಟ್ಟಿರಲಿಲ್ಲ, ಬೆಳೆಗಾರರು ಉದಾಸೀನರೂ ಆಗಿರಲಿಲ್ಲ. ನಕಲಾಗುವುದು ಎಂದೋ ನಿಂತುಹೋಗಿತ್ತು. ನಿಂತುದು ಯಾರಿಗೂ ತಿಳಿಯಲಿಲ್ಲ.

ಇಂಥ ಅನರ್ಥವು ತಿಳಿಯದವರಿಗೆ ಮಾತ್ರ ಸಂಭವಿಸುವುದೆಂದು ಭಾವಿಸಕೂಡದು. ಪ್ರಪಂಚದ ಅನೇಕ ತಂತ್ರಜ್ಞರು ತಮ್ಮ ಕೆಲಸವನ್ನು ಇರಿಸಿಕೊಳ್ಳುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ನೆಯ ಇಸವಿ ಜನವರಿ 31ರಂದು ಒಬ್ಬ ನೌಕರನು ಕೈತಪ್ಪಿನಿಂದ ಮುಖ್ಯ ದಫ್ತರವನ್ನೇ ಅಳಿಸಿಬಿಟ್ಟನು. ನಕಲಿಗಾಗಿ ಅಲ್ಲಿ ಹಲವು ಬಗೆಯ ಏರ್ಪಾಡುಗಳಿದ್ದುವು. ತೆಗೆದು ನೋಡಲಾಗಿ, ನಂಬಿದ್ದ ಏರ್ಪಾಡುಗಳು ಕೈಕೊಟ್ಟಿದ್ದುವು. ನಿತ್ಯವೂ ನಕಲು ತೆಗೆಯಬೇಕಾಗಿದ್ದ ಕ್ರಮವಿಧಿಯ ಆವೃತ್ತಿಯು ದಫ್ತರದ ಆವೃತ್ತಿಗೆ ಹೊಂದದೆ ಅದು ಸದ್ದಿಲ್ಲದೆ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಮಿಂಚಂಚೆಗಳೂ ತಲುಪಬೇಕಾದವರಿಗೆ ತಲುಪದೆ ತಿರಸ್ಕೃತವಾಗುತ್ತಿದ್ದುವು. ಆರು ಗಂಟೆಗಳ ಹಿಂದೆ ಒಬ್ಬರು ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಪ್ರತಿಯಿಂದ ಸಂಸ್ಥೆಯು ಉಳಿಯಿತು. ಆ ಆರು ಗಂಟೆಗಳ ಕೆಲಸವು ಮಾತ್ರ ಮರಳಿ ಬರಲಿಲ್ಲ. ಸಂಸ್ಥೆಯವರು ಇದನ್ನು ಮುಚ್ಚಿಡದೆ ತಾವೇ ವಿವರವಾಗಿ ಪ್ರಕಟಿಸಿದರು. ಅಷ್ಟು ಮಂದಿ ನಿಪುಣರಿದ್ದ ಕಡೆ ಹೀಗಾಗಬಹುದಾದರೆ ಹಳ್ಳಿಯ ಮನೆಯೊಂದರಲ್ಲಿ ಆಗುವುದು ಆಶ್ಚರ್ಯವಲ್ಲ.

ಯಾವ ಲೆಕ್ಕವನ್ನು ಕಾಪಾಡಬೇಕು

ಹಿಂದೆ ಗ್ರಾಮದ ಲೆಕ್ಕವು ಶ್ಯಾನುಭೋಗರ ಕಡತದಲ್ಲಿ ಇರುತ್ತಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲನ್ನೂ ಬಳಿದು ಮಡಿಸಿದ ಆ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ವಂಶಪಾರಂಪರ್ಯದ ಪಟೇಲಿಕೆ ಶ್ಯಾನುಭೋಗಿಕೆಗಳು 1963ರಲ್ಲಿ ರದ್ದಾದುವು. ಈ ಶತಮಾನದ ಆದಿಯಲ್ಲಿ ಭೂಮಿ ಯೋಜನೆಯ ಮೂಲಕ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿ, ಕೈಬರಹದ ಪಹಣಿಯ ಕಾಲವು ಮುಗಿಯಿತು. ಪಹಣಿಯನ್ನು ಕಾಪಾಡುವ ಭಾರವು ಸರ್ಕಾರದ್ದು. ಅದರ ಪ್ರತಿಯು ಬೇಕೆಂದಾಗ ದೊರೆಯುವುದು.

ಸರ್ಕಾರದ ಬಳಿ ಇಲ್ಲದೆ ಭೂಮಾಲೀಕರ ಬಳಿಯಲ್ಲಿ ಮಾತ್ರ ಇರುವ ಲೆಕ್ಕಗಳೇ ಇಲ್ಲಿ ಮುಖ್ಯ. ಚನ್ನಗಿರಿಯಲ್ಲಿ ಅಡಿಕೆಯ ತೂಕ, ಸುಲಿತದ ಕೂಲಿ ಮತ್ತು ಖೇಣಿಯ ಲೆಕ್ಕ. ಹೊನ್ನಾಳಿಯಲ್ಲಿ ಗದ್ದೆಗಳ ಗೇಣಿಯ, ನಾಟಿ ಕೊಯ್ಲುಗಳ ಖರ್ಚಿನ ಲೆಕ್ಕ. ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ನ್ಯಾಮತಿಯಲ್ಲಿ ಮೆಕ್ಕೆಜೋಳ ಕೊಂಡ ವರ್ತಕರ ಬಾಕಿ. ಮಳೆ ಕಡಮೆಯಾದ ಜಗಳೂರಿನಲ್ಲಿ ಕೊಳವೆಬಾವಿಗಳ ಆಳ, ನೀರಿನ ಪ್ರಮಾಣ, ಬೆಳೆನಷ್ಟದ ಛಾಯಾಚಿತ್ರ, ವಿಮೆಯ ರಸೀದಿ. ಇವು ಒಮ್ಮೆ ಹೋದರೆ ಯಾವ ಕಚೇರಿಯಲ್ಲಿ ಕೇಳಿದರೂ ಸಿಕ್ಕತಕ್ಕವಲ್ಲ.

ಸಹಕಾರ ಸಂಘಗಳ ಲೆಕ್ಕವು ಇದಕ್ಕಿಂತಲೂ ಹೆಚ್ಚಿನ ಹೊಣೆಯದು. 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಸಂಘದಿಂದ ಮೊದಲುಗೊಂಡು ಬಹುಕಾಲ ಈ ಸಂಘಗಳು ಕಾಗದದ ಪುಸ್ತಕಗಳನ್ನೇ ನಂಬಿ ನಡೆದುವು. 2022ನೆಯ ಇಸವಿ ಜೂನ್ 29ರಂದು ಕೇಂದ್ರ ಮಂತ್ರಿಮಂಡಲವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಿಸಲು 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು. ಮುಖ್ಯ ಲೆಕ್ಕವು ದೂರದ ದಫ್ತರದಲ್ಲಿ ಸುರಕ್ಷಿತವಾಗಿದ್ದರೂ, ಸಭೆಯ ನಡವಳಿ, ಹಳೆಯ ಸದಸ್ಯರ ಪಟ್ಟಿ, ಗೋದಾಮಿನ ದಾಸ್ತಾನು ಮೊದಲಾದ ಕಾಗದಗಳು ಸಂಘದ ಸ್ವಂತ ಕಂಪ್ಯೂಟರಿನಲ್ಲಿಯೇ ಉಳಿದಿರುವುದು ಸಾಧ್ಯ. ಅಂಥವನ್ನು ಸಂಘದವರೇ ನಕಲು ಮಾಡಿಟ್ಟುಕೊಳ್ಳಬೇಕು.

ಮೊದಲು ಮಾಡತಕ್ಕದ್ದು, ಮಾಡಕೂಡದ್ದು

ನಕಲಾಗಿಲ್ಲವೆಂದು ತಿಳಿದೊಡನೆ ಮನಸ್ಸಿಗೆ ಬಂದ ಗುಂಡಿಯನ್ನೆಲ್ಲ ಒತ್ತುವುದು, ರೋಗವೇನೆಂದು ನೋಡದೆ ಸಿಕ್ಕಿದ ಔಷಧಿಯನ್ನೆಲ್ಲ ಗಿಡಕ್ಕೆ ಹೊಡೆದಂತೆ. ಮುಖ್ಯವಾಗಿ ಒಂದು ಎಚ್ಚರಿಕೆಯನ್ನು ಮನಸ್ಸಿನಲ್ಲಿಡಬೇಕು. ಡ್ರೈವನ್ನು ಜೋಡಿಸಿದಾಗ ಕೆಲವು ವೇಳೆ ಅದನ್ನು ಉಪಯೋಗಿಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕೆಂದು ಕಂಪ್ಯೂಟರು ಕೇಳುವುದುಂಟು. ಫಾರ್ಮ್ಯಾಟ್ ಎಂದರೆ ಹಲಗೆಯನ್ನು ಒರೆಸಿ ಹೊಸದಾಗಿ ಗೆರೆ ಎಳೆಯುವುದು. ಒಳಗೆ ಹಳೆಯ ನಕಲುಗಳಿರುವ ಡ್ರೈವಿಗೆ ಎಂದಿಗೂ ಇದಕ್ಕೆ ಒಪ್ಪಿಗೆ ಕೊಡಕೂಡದು. ‘ಕ್ಯಾನ್ಸಲ್’ ಎಂಬುದನ್ನು ಒತ್ತಿ, ತಂತಿಯನ್ನೂ ಕಂಪ್ಯೂಟರನ್ನೂ ಬದಲಾಯಿಸಿ ನೋಡತಕ್ಕದ್ದು.

ಎರಡನೆಯದಾಗಿ, ದೋಷವನ್ನು ಹುಡುಕುವುದಕ್ಕೆ ಮುಂಚೆ ಕಂಪ್ಯೂಟರಿನಲ್ಲಿರುವ ಮುಖ್ಯ ಲೆಕ್ಕದ ಫೋಲ್ಡರನ್ನು ಬೇರೊಂದು ಪೆನ್‌ಡ್ರೈವಿಗೆ ಕೈಯಿಂದಲೇ ನಕಲು ಮಾಡಿಡಬೇಕು. ದುರಸ್ತಿಯಲ್ಲಿ ಏನು ಹೆಚ್ಚುಕಡಮೆಯಾದರೂ ಈ ಪ್ರತಿಯು ಉಳಿಯುವುದು. ಮೂರನೆಯದಾಗಿ, ಪರದೆಯ ಮೇಲೆ ಬಂದ ದೋಷದ ಮಾತನ್ನು ಅಕ್ಷರಶಃ ಬರೆದಿಟ್ಟುಕೊಳ್ಳಬೇಕು, ಇಲ್ಲವೆ ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು. ರೋಗಕ್ಕೆ ಈಡಾದ ಎಲೆಯನ್ನು ತಂದು ತೋರಿಸುವ ರೈತನಿಗೆ ಬೇಗ ಉತ್ತರ ಸಿಕ್ಕುವುದು. ‘ಗಿಡ ಕೆಟ್ಟಿದೆ’ ಎಂದಷ್ಟೇ ಹೇಳುವವನಿಗೆ ಸಿಕ್ಕುವುದಿಲ್ಲ.

ಲಕ್ಷಣಗಳು, ಕಾರಣಗಳು, ಪರಿಹಾರಗಳು

1. ಡ್ರೈವು ಕಂಪ್ಯೂಟರಿಗೆ ಕಾಣಿಸದಿರುವುದು. ಇದಕ್ಕೆ ತಂತಿಯ ದೋಷವೇ ಅನೇಕ ಸಲ ಕಾರಣವಾಗಿರುವುದು. ಮಡಿಸಿ ಸುತ್ತಿದ ತಂತಿಯು ಒಳಗೆ ಮುರಿದಿದ್ದರೂ ಹೊರಗೆ ಚೆನ್ನಾಗಿ ಕಾಣುವುದು. ಮೊದಲು ಬೇರೆ ತಂತಿ, ಅನಂತರ ಕಂಪ್ಯೂಟರಿನ ಬೇರೆ ಯುಎಸ್‌ಬಿ ಕಿಂಡಿ, ಕಡೆಗೆ ಬೇರೆ ಕಂಪ್ಯೂಟರು, ಈ ಕ್ರಮದಲ್ಲಿ ಒಂದೊಂದನ್ನೇ ಬದಲಾಯಿಸಿ ಪರೀಕ್ಷಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ದೋಷವು ಯಾವುದರಲ್ಲಿತ್ತೆಂದು ತಿಳಿಯದು.

2. ಡ್ರೈವು ಕಾಣಿಸಿ, ನಕಲಾಗುತ್ತಿರುವಾಗ ಮಧ್ಯದಲ್ಲಿ ಮಾಯವಾಗುವುದು. ಇದು ವಿದ್ಯುತ್ತಿನ ಕೊರತೆಯ ಲಕ್ಷಣ. ಎರಡೂವರೆ ಅಂಗುಲದ ಚಿಕ್ಕ ಡ್ರೈವುಗಳು ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ತನ್ನು ಎಳೆದುಕೊಳ್ಳುವುವು. ಯುಎಸ್‌ಬಿ 2.0 ಕಿಂಡಿಯು 500 ಮಿಲಿಆಂಪಿಯರ್, 3.0 ಕಿಂಡಿಯು 900 ಮಿಲಿಆಂಪಿಯರ್ ಕೊಡತಕ್ಕವು. ಒಂದೇ ಕಿಂಡಿಗೆ ಕವಲು ಹಾಕಿ ಡ್ರೈವು, ಮೌಸು, ಮುದ್ರಣಯಂತ್ರ ಎಲ್ಲವನ್ನೂ ಸಿಕ್ಕಿಸಿದರೆ, ಒಂದೇ ಕಾಲುವೆಗೆ ಹತ್ತು ತೂಬು ತೆರೆದಂತೆ, ಕಡೆಯವನಿಗೆ ನೀರು ಮುಟ್ಟುವುದಿಲ್ಲ. ಡ್ರೈವನ್ನು ಕಂಪ್ಯೂಟರಿನ ಹಿಂಬದಿಯ ಕಿಂಡಿಗೆ ನೇರವಾಗಿ ಗಿಡ್ಡ ತಂತಿಯಿಂದ ಜೋಡಿಸಬೇಕು. ಮೂರೂವರೆ ಅಂಗುಲದ ದೊಡ್ಡ ಡ್ರೈವುಗಳಿಗೆ ಪ್ರತ್ಯೇಕ ಅಡಾಪ್ಟರು ಬೇಕೇ ಬೇಕು. ವಿದ್ಯುತ್ತನ್ನು ಉಳಿಸಲೆಂದು ಕಂಪ್ಯೂಟರು ತಾನಾಗಿ ನಿದ್ರಿಸುವ ಏರ್ಪಾಡಿದ್ದರೆ, ನಕಲಿನ ಹೊತ್ತಿನಲ್ಲಿ ಅದನ್ನು ತಪ್ಪಿಸಬೇಕು.

3. ನಕಲು ಯಾವ ದೋಷವನ್ನೂ ಹೇಳದೆ ನಿಂತುಹೋಗಿರುವುದು. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳು. ಕಂಪ್ಯೂಟರು ಪ್ರತಿಯೊಂದು ಡ್ರೈವಿಗೂ ಒಂದು ಅಕ್ಷರವನ್ನು ಹೆಸರಾಗಿ ಕೊಡುವುದು. ನಕಲು ‘ಇ’ ಎಂಬ ಡ್ರೈವಿಗೆ ಹೋಗಬೇಕೆಂದು ಗೊತ್ತುಮಾಡಿದ್ದು, ಒಂದು ದಿನ ಮೊದಲು ಬೇರೆ ಪೆನ್‌ಡ್ರೈವನ್ನು ಸಿಕ್ಕಿಸಿದ್ದರೆ, ‘ಇ’ ಎಂಬ ಹೆಸರು ಅದಕ್ಕೆ ಹೋಗಿ, ಹೊರ ಡ್ರೈವು ‘ಎಫ್’ ಆಗಬಹುದು. ಟಪಾಲು ಹಳೆಯ ವಿಳಾಸಕ್ಕೇ ಹೋಗುವುದು, ಮನೆಯವರು ಬೇರೆ ಕಡೆ ಇರುವರು. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬಲ್ಲಿ ಹೊರ ಡ್ರೈವಿಗೆ ಅಕ್ಷರಮಾಲೆಯ ಕೊನೆಯ ಕಡೆಯ ಒಂದು ಅಕ್ಷರವನ್ನು ಸ್ಥಿರವಾಗಿ ಕೊಟ್ಟರೆ ಈ ತೊಂದರೆಯು ನಿವಾರಣೆಯಾಗುವುದು. ಎರಡನೆಯ ಕಾರಣವು, ಗೊತ್ತುಮಾಡಿದ ವೇಳೆಯಲ್ಲಿ ಕಂಪ್ಯೂಟರು ನಡೆಯುತ್ತಿಲ್ಲದಿರುವುದು. ರಾತ್ರಿ ಎರಡು ಗಂಟೆಗೆ ನಕಲಾಗಬೇಕೆಂದು ಏರ್ಪಡಿಸಿ, ರಾತ್ರಿ ಎಂಟಕ್ಕೆ ಕಂಪ್ಯೂಟರನ್ನು ಆರಿಸುವ ಮನೆಯಲ್ಲಿ ನಕಲು ಎಂದಿಗೂ ಆಗದು. ಮನೆಯವರು ಎದ್ದಿರುವ, ವಿದ್ಯುತ್ತು ಇರುವ ವೇಳೆಯನ್ನೇ ಗೊತ್ತುಮಾಡಬೇಕು.

4. ಜಾಗವಿಲ್ಲವೆಂಬ ಮಾತು ಬರುವುದು. ಹಳೆಯ ನಕಲುಗಳು ಒಂದರ ಮೇಲೊಂದು ಸೇರಿ ಡ್ರೈವು ತುಂಬುವುದು. ವಿಂಡೋಸಿನಲ್ಲಿ 2012ರಿಂದ ಇರುವ ‘ಫೈಲ್ ಹಿಸ್ಟರಿ’ ಎಂಬ ಸಾಧನವು ಬೇರೆ ಅಪ್ಪಣೆಯಿಲ್ಲದಿದ್ದರೆ ಗಂಟೆಗೊಮ್ಮೆ ನಕಲು ಮಾಡುತ್ತ, ಯಾವ ಹಳೆಯ ಪ್ರತಿಯನ್ನೂ ಬಿಡದೆ ಇಟ್ಟುಕೊಳ್ಳುವುದು. ಜಾಗ ಬೇಕಾದಾಗ ಹಳೆಯವನ್ನು ತೆಗೆಯುವಂತೆ ಅದಕ್ಕೆ ತಿಳಿಸಬಹುದು. ಮದುವೆಯ ಚಲನಚಿತ್ರಗಳನ್ನೂ ಸಿನಿಮಾಗಳನ್ನೂ ಲೆಕ್ಕದ ಡ್ರೈವಿನಲ್ಲಿ ತುಂಬುವುದು ಬೀಜದ ಕಣಜದಲ್ಲಿ ಹೊಟ್ಟು ತುಂಬಿದಂತೆ. ಅವಕ್ಕೆ ಬೇರೆ ಡ್ರೈವು ಇರಲಿ.

5. ಚಿಕ್ಕ ಫೈಲುಗಳು ಹೋಗಿ ದೊಡ್ಡದೊಂದು ಹೋಗದಿರುವುದು, ಜಾಗವಿದ್ದರೂ ಸಾಲದೆಂದು ಹೇಳುವುದು. ಡ್ರೈವು ಫ್ಯಾಟ್-32 ಎಂಬ ಹಳೆಯ ಕ್ರಮದಲ್ಲಿ ಅಳವಡಿಸಲ್ಪಟ್ಟಿದ್ದರೆ ಅದರಲ್ಲಿ 4 ಗಿಗಾಬೈಟಿನಷ್ಟು ದೊಡ್ಡದಾದ ಒಂದೇ ಫೈಲು ಹಿಡಿಯದು. ಚೀಲದ ಬಾಯಿ ಚಿಕ್ಕದಾದರೆ ಚೀಲವೆಷ್ಟು ದೊಡ್ಡದಿದ್ದರೂ ಕುಂಬಳಕಾಯಿ ಒಳಗೆ ಹೋಗದಷ್ಟೆ. ಡ್ರೈವಿನಲ್ಲಿರುವುದನ್ನೆಲ್ಲ ಬೇರೆ ಕಡೆ ನಕಲು ಮಾಡಿ, ತೆರೆದು ನೋಡಿಕೊಂಡ ಮೇಲೆ, ಎನ್‌ಟಿಎಫ್‌ಎಸ್ ಎಂಬ ಕ್ರಮದಲ್ಲಿ ಹೊಸದಾಗಿ ಫಾರ್ಮ್ಯಾಟ್ ಮಾಡಿಸಬೇಕು.

6. ಕೆಲವು ಫೋಲ್ಡರುಗಳು ಮಾತ್ರ ನಕಲಾಗಿ, ಮುಖ್ಯ ಲೆಕ್ಕವು ಬಿಟ್ಟುಹೋಗಿರುವುದು. ‘ಫೈಲ್ ಹಿಸ್ಟರಿ’ಯು ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್ ಮೊದಲಾದ ಗೊತ್ತಾದ ಫೋಲ್ಡರುಗಳನ್ನು ಮಾತ್ರ ತಾನಾಗಿ ನಕಲು ಮಾಡುವುದು. ಲೆಕ್ಕದ ಫೋಲ್ಡರು ‘ಡಿ’ ಭಾಗದಲ್ಲಿದ್ದರೆ, ತಾನೇ ಸೇರಿಸಿಕೊಟ್ಟ ಹೊರತು ಅದನ್ನು ಮುಟ್ಟದು. ಎಷ್ಟೋ ವೇಳೆ ‘ನಕಲು ಸಫಲವಾಯಿತು’ ಎಂಬ ಮಾತು ನಿಜವೇ ಆಗಿರುವುದು; ಸಫಲವಾದುದು ಬೇಡದ ವಸ್ತುಗಳ ನಕಲು. ಏನೇನು ಸೇರಿದೆಯೆಂಬ ಪಟ್ಟಿಯನ್ನು ಕಣ್ಣಾರೆ ನೋಡಬೇಕು.

7. ಲೆಕ್ಕದ ಫೈಲು ನಕಲಾಗಿದ್ದರೂ ತೆರೆಯದಿರುವುದು. ಟ್ಯಾಲಿ ಮೊದಲಾದ ಲೆಕ್ಕದ ಕ್ರಮವಿಧಿಯು ತೆರೆದಿರುವಾಗಲೇ ಅದರ ಫೋಲ್ಡರನ್ನು ನಕಲು ಮಾಡಿದರೆ, ಅರ್ಧ ಬರೆದ ಪುಟವನ್ನು ಕಿತ್ತುಕೊಂಡಂತಾಗುವುದು. ಅಂಥ ಕ್ರಮವಿಧಿಗಳಲ್ಲಿ ಬ್ಯಾಕಪ್ ತೆಗೆಯುವ ಏರ್ಪಾಡು ಅವುಗಳೊಳಗೇ ಇರುವುದು, ಅದನ್ನೇ ಉಪಯೋಗಿಸಬೇಕು.

8. ಕಡತವು ತೆರೆದರೂ ಕನ್ನಡವು ಓದಲಾಗದಂತೆ ಕಾಣುವುದು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಕಾಗದಗಳನ್ನು, ಆ ಶೈಲಿಯಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ರಾಶಿಯು ಕಾಣುವುದು. ನಕಲು ಕೆಟ್ಟಿತೆಂದು ಭಾವಿಸಿ ಅದನ್ನು ಅಳಿಸಿಬಿಡಕೂಡದು. ಆ ಅಕ್ಷರಶೈಲಿಯನ್ನು ಹೊಸ ಕಂಪ್ಯೂಟರಿಗೆ ಸೇರಿಸಿದೊಡನೆ ಬರಹವು ಮೊದಲಿನಂತೆ ಕಾಣುವುದು. ಆದುದರಿಂದ ಅಕ್ಷರಶೈಲಿಗಳ ಫೈಲುಗಳನ್ನೂ ಹೊರ ಡ್ರೈವಿನಲ್ಲಿ ಇಟ್ಟಿರಬೇಕು. ಹೊಸ ಕಾಗದಗಳನ್ನು ಯೂನಿಕೋಡ್ ಕ್ರಮದಲ್ಲಿ ಬರೆದರೆ ಈ ತೊಡಕೇ ಇಲ್ಲ.

9. ನಕಲು ಬಹಳ ನಿಧಾನವಾಗುವುದು, ಡ್ರೈವಿನೊಳಗಿಂದ ಟಿಕ್‌ ಟಿಕ್ ಎಂಬ ಸದ್ದು ಬರುವುದು. ಇದು ಡ್ರೈವಿನ ಅಂತ್ಯಕಾಲದ ಲಕ್ಷಣವೆಂದು ತಿಳಿಯಬೇಕು. ಇಂಥದರ ಮೇಲೆ ದುರಸ್ತಿಯ ಪ್ರಯೋಗಗಳನ್ನು ಮಾಡದೆ, ಮೊದಲು ಅತ್ಯಂತ ಮುಖ್ಯವಾದ ಕಾಗದಗಳನ್ನು ಬೇರೆ ಕಡೆ ಇಳಿಸಿಕೊಂಡು, ಡ್ರೈವನ್ನು ಬದಲಾಯಿಸಬೇಕು. ಸದ್ದಿಲ್ಲದೆ ಬರಿಯ ದೋಷದ ಮಾತು ಬಂದಿದ್ದರೆ, ಡ್ರೈವಿನ ‘ಪ್ರಾಪರ್ಟೀಸ್’ ಎಂಬಲ್ಲಿ ‘ಟೂಲ್ಸ್’ ವಿಭಾಗದ ತಪಾಸಣೆಯನ್ನು ನಡೆಸಬಹುದು. ತಂತಿಯನ್ನು ಏಕಾಏಕಿ ಕಿತ್ತುದರಿಂದ ಉಂಟಾದ ದೋಷಗಳು ಅನೇಕವಾಗಿ ಇದರಿಂದ ಸರಿಹೋಗುವುವು. ಡ್ರೈವನ್ನು ಕೀಳುವ ಮುಂಚೆ ‘ಸೇಫ್ಲಿ ರಿಮೂವ್’ ಎಂಬ ಅಪ್ಪಣೆಯನ್ನು ಕೊಡುವ ಅಭ್ಯಾಸವಿದ್ದರೆ ಇವು ಹುಟ್ಟುವುದೇ ಇಲ್ಲ.

10. ಹೊಸ ಡ್ರೈವಿನಲ್ಲಿಯೇ ಫೈಲುಗಳು ಕೆಡುವುದು. ಅತಿ ಕಡಮೆ ಬೆಲೆಗೆ ಅತಿ ಹೆಚ್ಚು ಅಳತೆಯೆಂದು ಮಾರುವ ಡ್ರೈವುಗಳಲ್ಲಿ ಖೋಟಾ ವಸ್ತುಗಳುಂಟು. ಅವು 2 ಟೆರಾಬೈಟ್ ಎಂದು ಹೇಳಿಕೊಂಡರೂ ಒಳಗಿನ ಜಾಗವು ಅದರ ಒಂದು ಚಿಕ್ಕ ಅಂಶವಾಗಿದ್ದು, ತುಂಬಿದ ಮೇಲೆ ಬರೆದುದು ಉಳಿಯುವುದಿಲ್ಲ. ಖೋಟಾ ಬಿತ್ತನೆ ಬೀಜದ ಅನುಭವವುಳ್ಳವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ರಸೀದಿ ಕೊಡುವ ಅಂಗಡಿಯಲ್ಲಿಯೇ ಕೊಂಡು, ಮೊದಲು ಪೂರ್ತಿಯಾಗಿ ತುಂಬಿಸಿ, ಕಡೆಯಲ್ಲಿ ತುಂಬಿದ ಫೈಲನ್ನು ತೆರೆದು ನೋಡಬೇಕು.

ಮೊಳಕೆಯ ಪರೀಕ್ಷೆ

ಬಿತ್ತುವ ಮುಂಚೆ ನೂರು ಕಾಳನ್ನು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತುವೆಂದು ನೋಡುವುದು ರೈತರಿಗೆ ತಿಳಿದ ಪದ್ಧತಿ. ನಕಲಿಗೂ ಇಂಥದೇ ಪರೀಕ್ಷೆಯುಂಟು. ತಿಂಗಳಿಗೊಮ್ಮೆ ಹೊರ ಡ್ರೈವನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಅದರಲ್ಲಿ ಐದು ಕಾಗದಗಳನ್ನು ಆರಿಸಿ ತೆರೆಯಬೇಕು: ಒಂದು ಹಳೆಯದು, ಒಂದು ಕಳೆದ ವಾರದ್ದು, ಒಂದು ಛಾಯಾಚಿತ್ರ, ಒಂದು ಕನ್ನಡದ ಕಾಗದ, ಮತ್ತು ಲೆಕ್ಕದ ಪುಸ್ತಕ. ಲೆಕ್ಕದ ಪುಸ್ತಕದ ಕಡೆಯ ನಮೂದಿನ ತಾರೀಖನ್ನೂ ಬಾಕಿಯನ್ನೂ ಓದಿ, ಮೂಲದೊಡನೆ ತಾಳೆ ನೋಡಬೇಕು. ಹೀಗೆ ಮಾಡುವಾಗ ಟ್ಯಾಲಿಯಂಥ ಕ್ರಮವಿಧಿಗಳಲ್ಲಿ ಹಳೆಯ ನಕಲನ್ನು ನಡೆಯುತ್ತಿರುವ ಲೆಕ್ಕದ ಫೋಲ್ಡರಿಗೇ ಮರಳಿ ಇಳಿಸಿದರೆ ಹೊಸ ಲೆಕ್ಕವು ಅಳಿಸಿಹೋಗುವುದು. ಪರೀಕ್ಷೆಗೆ ಬೇರೆ ಕಂಪ್ಯೂಟರು ಅಥವಾ ಬೇರೆ ಖಾಲಿ ಫೋಲ್ಡರನ್ನೇ ಉಪಯೋಗಿಸತಕ್ಕದ್ದು. ತೆರೆದು ಓದಿದ ನಕಲೇ ನಕಲು. ತೆರೆಯದ ನಕಲು ಕೇವಲ ನಂಬಿಕೆ.

ಒಂದೇ ಡ್ರೈವನ್ನು ನಂಬಬಾರದು

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಎಂಬವರು ಪ್ರಚಾರಕ್ಕೆ ತಂದ ಒಂದು ಸೂತ್ರವು ಈಗ ಎಲ್ಲೆಡೆಯೂ ಅಂಗೀಕೃತವಾಗಿದೆ. ಮುಖ್ಯ ಕಾಗದಗಳಿಗೆ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿಯು ಬೇರೆ ಸ್ಥಳದಲ್ಲಿರಬೇಕು. ಗ್ರಾಮದಲ್ಲಿ ಇದನ್ನು ನಡೆಸುವುದು ಕಷ್ಟವಲ್ಲ. ಕಂಪ್ಯೂಟರಿನಲ್ಲಿ ಒಂದು, ಮನೆಯ ಹೊರ ಡ್ರೈವಿನಲ್ಲಿ ಒಂದು, ಪಟ್ಟಣದಲ್ಲಿರುವ ಮಗಳ ಅಥವಾ ತಮ್ಮನ ಮನೆಯಲ್ಲಿ ಇನ್ನೊಂದು. ತುಂಗಭದ್ರೆಯ ದಂಡೆಯ ಊರುಗಳವರು ನೆರೆಯನ್ನೂ, ಎಲ್ಲ ಊರಿನವರು ಬೆಂಕಿ ಕಳವುಗಳನ್ನೂ ನೆನೆದರೆ ಮೂರನೆಯ ಪ್ರತಿಯ ಪ್ರಯೋಜನವು ತಾನೇ ತಿಳಿಯುವುದು. ಎರಡು ಹೊರ ಡ್ರೈವುಗಳನ್ನಿಟ್ಟುಕೊಂಡು ವಾರ ಬಿಟ್ಟು ವಾರ ಸರದಿಯಂತೆ ಉಪಯೋಗಿಸುವುದು ಇನ್ನೂ ಉತ್ತಮ.

ಡ್ರೈವನ್ನು ಸದಾ ಕಂಪ್ಯೂಟರಿಗೆ ಜೋಡಿಸಿಯೇ ಇಡುವುದು ಅಪಾಯಕರ. 2017ನೆಯ ಇಸವಿ ಮೇ ತಿಂಗಳಿನಲ್ಲಿ ವನ್ನಾಕ್ರೈ ಎಂಬ ದುಷ್ಟ ಕ್ರಮವಿಧಿಯು 150ಕ್ಕೂ ಹೆಚ್ಚು ದೇಶಗಳಿಗೆ ಹರಡಿ, ಕಂಪ್ಯೂಟರುಗಳ ಕಾಗದಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಥವು ಜೋಡಿಸಿರುವ ಹೊರ ಡ್ರೈವನ್ನೂ ಬಿಡುವುದಿಲ್ಲ. ಸಿಡಿಲಿನ ಹೊಡೆತವೂ ತಂತಿಯ ಮೂಲಕ ಎರಡನ್ನೂ ಮುಟ್ಟಬಹುದು. ಕೆಲಸ ಮುಗಿದೊಡನೆ ಬಿಚ್ಚಿ ತೆಗೆದಿಡಬೇಕು. ಗುಡುಗುವಾಗ ಕಂಪ್ಯೂಟರಿನ ಪ್ಲಗ್ಗನ್ನೇ ಗೋಡೆಯಿಂದ ಕೀಳಬೇಕು. ವಿದ್ಯುತ್ತು ಆಗಾಗ್ಗೆ ಹೋಗಿಬರುವ ಊರುಗಳಲ್ಲಿ ನಕಲಿನ ಮಧ್ಯದಲ್ಲಿ ನಿಲ್ಲದಂತೆ ಯುಪಿಎಸ್ ಇರುವುದು ಅಗತ್ಯ.

ಇಡುವ ಸ್ಥಳವನ್ನೂ ಗಮನಿಸಬೇಕು. ಅಡಿಕೆ ಬೇಯಿಸುವ ಒಲೆಯ ಹೊಗೆ, ಯೂರಿಯ ಪೊಟ್ಯಾಷ್ ಚೀಲಗಳ ತೇವ, ಜಗಳೂರಿನ ಬೇಸಗೆಯ ಧೂಳು, ಮಳೆಗಾಲದ ಹಸಿ ಗೋಡೆ, ಇವೆಲ್ಲ ಡ್ರೈವಿಗೆ ಶತ್ರುಗಳು. ಗಟ್ಟಿಯಾದ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ, ಬೀರುವಿನಲ್ಲಿಡುವುದು ಒಳ್ಳೆಯದು. ನಡೆಯುತ್ತಿರುವ ಡ್ರೈವನ್ನು ಎತ್ತಿ ಸರಿಸಕೂಡದು. ಮೂರರಿಂದ ಐದು ವರ್ಷಗಳಿಗೊಮ್ಮೆ ಹೊಸದನ್ನು ಕೊಳ್ಳುವುದು ವಿವೇಕ. ಡ್ರೈವಿಗೆ ಗುಪ್ತಪದವನ್ನು ಹಾಕಿದ್ದರೆ, ಅದನ್ನು ಮನೆಯ ಇನ್ನೊಬ್ಬ ನಂಬಿಕಸ್ಥರಿಗೂ ತಿಳಿಸಿರಬೇಕು. ಯಜಮಾನರೊಡನೆಯೇ ಗುಪ್ತಪದವೂ ಹೋದರೆ ಲೆಕ್ಕವು ಇದ್ದೂ ಇಲ್ಲದಂತಾಗುವುದು.

ವಿಂಡೋಸ್ 10ಕ್ಕೆ ಅದರ ತಯಾರಕರ ಸಾಮಾನ್ಯ ಬೆಂಬಲವು 2025ನೆಯ ಇಸವಿ ಅಕ್ಟೋಬರ್ 14ಕ್ಕೆ ಮುಗಿದುದರಿಂದ ಅನೇಕರು ಕಂಪ್ಯೂಟರನ್ನು ಬದಲಾಯಿಸುತ್ತಿದ್ದಾರೆ. ಹಳೆಯ ಯಂತ್ರವನ್ನು ಮಾರುವ ಅಥವಾ ಬಿಟ್ಟುಕೊಡುವ ಮುಂಚೆ ಎರಡು ನಕಲುಗಳನ್ನು ತೆಗೆದು, ಹೊಸ ಯಂತ್ರದಲ್ಲಿ ತೆರೆದು ನೋಡಿಕೊಂಡಿರಬೇಕು. ಹೊಸ ಯಂತ್ರಕ್ಕೆ ನಕಲಿನ ಏರ್ಪಾಡು ತಾನಾಗಿ ಬರುವುದಿಲ್ಲ; ಅದನ್ನು ಮರಳಿ ಗೊತ್ತುಮಾಡಬೇಕು.

ಗ್ರಾಮ ಮುಖಂಡರ ಕರ್ತವ್ಯ

ಸೋಮವಾರ ಎತ್ತಿನ ಹೆಗಲಿಗೆ ನೊಗವಿಡದಿರುವ ವಾಡಿಕೆಯು ಕನ್ನಡನಾಡಿನ ಅನೇಕ ಮನೆಗಳಲ್ಲಿ ಉಂಟು. ಆ ಬಿಡುವಿನ ದಿನವನ್ನೇ ನಕಲಿನ ದಿನವಾಗಿ ಗೊತ್ತುಮಾಡಿಕೊಂಡರೆ ಮರೆವಿಗೆ ಅವಕಾಶವಿರದು. ಗೋಡೆಯ ಪಂಚಾಂಗದಲ್ಲಿ ಆ ತಾರೀಖಿನ ಮೇಲೆ, ನಕಲಾದರೆ ಒಂದು ಗೆರೆ, ತೆರೆದು ನೋಡಿದರೆ ಅದಕ್ಕೆ ಅಡ್ಡಲಾಗಿ ಇನ್ನೊಂದು ಗೆರೆಯನ್ನು ಎಳೆಯಬಹುದು. ಗೆರೆಯಿಲ್ಲದ ಎರಡು ಸೋಮವಾರಗಳು ಒಟ್ಟಿಗೆ ಬಂದರೆ, ಏನೋ ಕೆಟ್ಟಿದೆಯೆಂದು ತಿಳಿದು ಮೇಲೆ ಹೇಳಿದ ಕ್ರಮದಲ್ಲಿ ಹುಡುಕತಕ್ಕದ್ದು.

ಸಂಘಗಳ ಆಡಳಿತದಲ್ಲಿರುವ ಮುಖಂಡರು ಪ್ರತಿ ಸಭೆಯಲ್ಲಿಯೂ ಕಾರ್ಯದರ್ಶಿಗಳನ್ನು ಮೂರು ಪ್ರಶ್ನೆಗಳನ್ನು ಕೇಳುವುದು ಉಚಿತ: ಕಡೆಯ ನಕಲಾದ ತಾರೀಖು ಯಾವುದು, ಅದನ್ನು ತೆರೆದು ನೋಡಿದವರು ಯಾರು, ಎರಡನೆಯ ಪ್ರತಿಯು ಈಗ ಎಲ್ಲಿದೆ. ಉತ್ತರಗಳನ್ನು ನಡವಳಿಯಲ್ಲಿ ಬರೆಯಿಸಬೇಕು. ಸಾಲ ತೀರಿಸಿದ ಬಡ ಸದಸ್ಯನು ತೀರಿಸಿದ್ದಾನೆಂಬುದಕ್ಕೆ ಸಾಕ್ಷಿಯು ಆ ಲೆಕ್ಕದಲ್ಲಿದೆ; ಅದು ಕಳೆದರೆ ಎರಡನೆಯ ಸಲ ತೀರಿಸಬೇಕಾದ ಭಯವು ಅವನದೇ ಹೊರತು ಲೆಕ್ಕ ಕಳೆದವರದಲ್ಲ.

ಮೇಲೆ ಹೇಳಿದ ಚನ್ನಗಿರಿಯ ಬೆಳೆಗಾರರು ಹದಿನಾಲ್ಕು ತಿಂಗಳಲ್ಲಿ ಒಂದು ಸೋಮವಾರವಾದರೂ ಡ್ರೈವನ್ನು ತೆರೆದು ಕಡೆಯ ತಾರೀಖನ್ನು ಓದಿದ್ದರೆ, ಎರಡು ಕೊಯ್ಲುಗಳ ಹಣಕ್ಕೆ ಪರರ ಬಾಯಿಮಾತನ್ನು ಕಾಯಬೇಕಾಗಿರಲಿಲ್ಲ. ಆ ಕೆಲಸಕ್ಕೆ ಬೇಕಾಗಿದ್ದುದು ಕಾಲು ಗಂಟೆಯ ಹೊತ್ತು. ಈ ನಾಲ್ಕು ತಾಲ್ಲೂಕುಗಳ ಮುಖಂಡರೂ ಭೂಮಾಲೀಕರೂ ಬರುವ ಸೋಮವಾರವೇ ತಮ್ಮ ತಮ್ಮ ಡ್ರೈವುಗಳನ್ನು ತೆರೆದು ನೋಡುವುದು, ತಿಳಿಯದವರಿಗೆ ತೋರಿಸಿಕೊಡುವುದು ಎಲ್ಲರಿಗೂ ಶ್ರೇಯಸ್ಕರವಾದುದು.